ಕೋವಿಗೆ ದುಡ್ಡಿದೆ, ತೋಟೆಗೆ ದುಡ್ಡಿಲ್ಲ

ಶನಿವಾರ ಶೂಟಿಂಗ್ ರೇಂಜಿನಲ್ಲಿ, ಅಂದರೆ ಬಂದೂಕಿನ ಗುರಿ ಅಭ್ಯಾಸ ಮಾಡುವ ಜಾಗದಲ್ಲಿ, ನಮ್ಮ ಹುಡುಗನೊಬ್ಬನಿಗೆ ಎಲ್ಲರೆದುರು ಬೈದೆ. ಅವತ್ತಿನಿಂದ ತಲೆ ಕೆಟ್ಟು ಕೂತಿದೀನಿ. ಡಾಲಸ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ನಾನು "ಪಾಪದ ಹುಡುಗನ ಮರ್ಯಾದೆ ತೆಗೆದೆ" ಅಂತ ಆಗಲೇ ತೀರ್ಪಾಗಿದೆಯಂತೆ. ಆಗಲಿ. ನನ್ನ ಕಡೆಯ ಕಥೆ ಇಲ್ಲಿ ಬರೀತೀನಿ, ಪುರುಸೊತ್ತಿದ್ದವರು ಓದಿ.

ಹುಡುಗ ಒಳ್ಳೆಯವನೇ. ಗ್ರೀನ್ ಕಾರ್ಡಿಗೆ ಹನ್ನೊಂದು ವರ್ಷ ಕಾದವನು. ಕಾರ್ಡ್ ಬಂದ ತಿಂಗಳೊಳಗೆ ಬಿಡಿಭಾಗ ತಂದು ಎಆರ್-15 ಅನ್ನೋ ರೈಫಲ್ ತಾನೇ ಕಟ್ಟುವ ಹುಚ್ಚು ಹತ್ತಿತು. ಗೊತ್ತಿಲ್ಲದವರಿಗೆ ಒಂದು ಮಾತು: ಆ ರೈಫಲಿನಲ್ಲಿ ಕಾನೂನಿನ ಕಣ್ಣಿಗೆ ಬಂದೂಕು ಅಂದರೆ ಲೋವರ್ ರಿಸೀವರ್ ಅನ್ನೋ, ಟ್ರಿಗರ್ ಕೂರುವ ಒಂದು ತುಂಡು ಮಾತ್ರ. ಸೀರಿಯಲ್ ನಂಬರ್ ಇರೋದು ಅದರ ಮೇಲೆ. ಅದಕ್ಕೆ ಲೈಸೆನ್ಸ್ ಇರುವ ಅಂಗಡಿಗೆ ಹೋಗಿ, 4473 ಫಾರ್ಮ್ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿಕೊಂಡು ಬರಬೇಕು. ಮಿಕ್ಕಿದ್ದೆಲ್ಲ, ನಳಿಗೆ, ಬೋಲ್ಟು, ಸ್ಪ್ರಿಂಗು, ಹಿಡಿ, ನಮ್ಮ ಟೆಕ್ಸಾಸಿನಲ್ಲಿ ಮನೆ ಬಾಗಿಲಿಗೇ ಪಾರ್ಸೆಲ್ ಬರುತ್ತೆ. ಇವನು ನಾಲ್ಕು ತಿಂಗಳು ರಾತ್ರಿಯಿಡೀ ವಿಡಿಯೋ ನೋಡಿದ. ಒಳಗಿನ ಗ್ಯಾಸ್ ಕೊಳವೆ ಮಿಡ್ ಲೆಂತಾ, ಕಾರ್ಬೈನ್ ಲೆಂತಾ ಅಂತ ನನಗೆ ಕೆಲಸದ ಹೊತ್ತಿನಲ್ಲಿ ಮೆಸೇಜು. ಟ್ರಿಗರಿಗೇ ಇನ್ನೂರು ಡಾಲರು. ಮೇಲೆ ಕೂರಿಸಿದ ದುರ್ಬೀನು ನನ್ನ ಮೊದಲ ಕಾರಿಗಿಂತ ದುಬಾರಿ. ಒಟ್ಟು ಲೆಕ್ಕ ಎರಡೂವರೆ ಸಾವಿರ ದಾಟಿತ್ತು.

ಶನಿವಾರ ರೇಂಜಿಗೆ ತೋಟೆ, ಅಂದರೆ ಗುಂಡು, ಎಷ್ಟು ತಂದಿದ್ದ? ಇಪ್ಪತ್ತರ ಒಂದು ಪೆಟ್ಟಿಗೆ. ಹತ್ತು ಡಾಲರಿನದು.

ಇಪ್ಪತ್ತೈದು ಗಜದಲ್ಲಿ ಹತ್ತು ಈಡು ಹೊಡೆದ. ಕಾಗದಕ್ಕೆ ತಾಗಿದ್ದು ಎರಡು, ಅದೂ ಅಂಚಿಗೆ. "ದುರ್ಬೀನು ಝೀರೋ ಮಾಡಿದೀಯೇನೋ?" ಅಂದೆ, ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುವ ಹಾಗೆ ಹೊಂದಿಸಿದೀಯಾ ಅಂತ. "ಅಂಗಡಿಯವರೇ ಸೆಟ್ ಮಾಡಿ ಕೊಟ್ಟಿರ್ತಾರಲ್ವಾ ಅಣ್ಣ?" ಅಂದ.

ಅಯ್ಯೋ ಮಾರಾಯ. ನಿನ್ನ ಕನ್ನಡಕದ ನಂಬರನ್ನ ಅಂಗಡಿಯವನು ಊಹೆಯಲ್ಲಿ ಹಾಕಿ ಕೊಡ್ತಾನಾ? ಈ ರೈಫಲಿನಲ್ಲಿ ಕಣ್ಣಿಡುವ ಜಾಗ ನಳಿಗೆಗಿಂತ ಸುಮಾರು ಎರಡೂವರೆ ಇಂಚು ಮೇಲಿರುತ್ತೆ. ನೋಟ ನೇರ ಹೋಗುತ್ತೆ, ಗುಂಡು ಬಾಗಿಕೊಂಡು ಹೋಗುತ್ತೆ. ಎರಡೂ ಐವತ್ತು ಗಜದಲ್ಲಿ ಸೇರುವ ಹಾಗೆ ತಿರುಪು ಹೊಂದಿಸಿದರೆ, ಹೆಚ್ಚುಕಡಿಮೆ ಇನ್ನೂರು ಗಜದ ಹತ್ತಿರ ಇನ್ನೊಂದು ಸಲ ಸೇರುತ್ತವೆ. ನಡುವೆ ಒಂದೆರಡು ಇಂಚಿನ ವ್ಯತ್ಯಾಸ. ಆದರೆ ಐದಾರು ಗಜದಲ್ಲಿ, ಅಂದರೆ ನಮ್ಮ ಹಾಲ್‌ನಷ್ಟು ದೂರದಲ್ಲಿ, ಗುರಿ ಇಟ್ಟಲ್ಲಿಗಿಂತ ಎರಡು ಇಂಚು ಕೆಳಗೇ ಬೀಳುತ್ತೆ. "ಮನೆ ರಕ್ಷಣೆಗೆ ಅಣ್ಣ" ಅಂತ ಕೊಂಡವನಿಗೆ ಇದು ಗೊತ್ತಿಲ್ಲ. ಟ್ರಿಗರ್ ಎಳೆಯೋಕೆ ಎಷ್ಟು ಪೌಂಡು ಬಲ ಬೇಕು ಅಂತ ಮಾತ್ರ ಬಾಯಿಪಾಠ.

ನಾನು ಕೂಗಾಡಿದ್ದು ಇದಕ್ಕಲ್ಲ. ಆಮೇಲಿನದ್ದಕ್ಕೆ. ಫೋಟೋ ತೆಗೀರಿ ಅಂತ ಹಿಂದೆ ತಿರುಗಿದ. ತೋಟೆ ತುಂಬುವ ಡಬ್ಬಿ, ಮ್ಯಾಗಜೀನ್, ಒಳಗೇ ಇದೆ, ಟ್ರಿಗರ್ ತಡೆಯುವ ಸೇಫ್ಟಿ ಎಲ್ಲಿದೆಯೋ ದೇವರಿಗೇ ಗೊತ್ತು, ಬೆರಳು ಟ್ರಿಗರಿನ ಮೇಲೆ. ಬಂದೂಕಿನ ಮೂತಿ ಸಾಲಾಗಿ ನಿಂತಿದ್ದ ಆರೇಳು ಜನರ ಹೊಟ್ಟೆಯ ಮೇಲೆ ಹರಿದು ಹೋಯಿತು. ಅದರಲ್ಲಿ ಅಪ್ಪನ ಜೊತೆ ಬಂದ ಒಂದು ಚಿಕ್ಕ ಹುಡುಗಿ, ಗುಲಾಬಿ ಬಣ್ಣದ ಇಯರ್ ಮಫ್ ಹಾಕಿಕೊಂಡಿದ್ದಳು. ನಾನು ಕನ್ನಡದಲ್ಲೇ ಕಿರುಚಿದೆ. ಏನು ಕಿರುಚಿದೆ ಅಂತ ಇಲ್ಲಿ ಬರೆಯಲ್ಲ, ಅಮ್ಮ ಫೇಸ್‌ಬುಕ್‌ನಲ್ಲಿದ್ದಾರೆ. ರೇಂಜ್ ಆಫೀಸರ್ ಓಡಿಬಂದು ರೈಫಲ್ ಕಸಿದುಕೊಂಡು, ಹೊಡೆಯೋಕೆ ಮೊದಲು ತೋಟೆ ಕೂರುವ ಚೇಂಬರ್ ತೆರೆದು ನೋಡಿದ. ಒಳಗೆ ತೋಟೆ ಇತ್ತು. ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಸರಿಯಾಗೇ ಮಾಡಿದರು.

ಗುಂಪಿನ ವಾದ ಏನು ಅಂದರೆ, "ಹವ್ಯಾಸ ಅದು, ಅವನ ದುಡ್ಡು, ಕಾರಿಗೆ ಅಲಾಯ್ ವೀಲ್ ಹಾಕ್ಸಲ್ವಾ, ಹಾಗೆ." ಒಪ್ಪಿದೆ, ಕೈಯಾರೆ ಒಂದು ಯಂತ್ರ ಜೋಡಿಸುವುದರಲ್ಲಿ ಸುಖ ಇದೆ. ನಾನೂ ಕಂಡಿದೀನಿ. ಆದರೆ ಅಲಾಯ್ ವೀಲ್ ಹಾಕ್ಸಿದವನಿಗೆ ಕಾರು ಓಡಿಸೋಕೆ ಬರುತ್ತಲ್ರೀ! ಡ್ರೈವಿಂಗ್ ಟೆಸ್ಟ್ ಪಾಸಾಗಿರ್ತಾನೆ. ಇಲ್ಲಿ ಅದೂ ಬೇಡ. ಫಾರ್ಮ್ ತುಂಬಿ ತಪಾಸಣೆ ಮುಗಿದರೆ ಸಾಕು, ಹೊಡೆಯೋಕೆ ಬರುತ್ತಾ ಅಂತ ಯಾರೂ ಕೇಳಲ್ಲ.

ಇನ್ನು ನನ್ನದೂ ಹೇಳಿಬಿಡ್ತೀನಿ, ಇಲ್ಲದಿದ್ದರೆ ಹಳೇ ಗೆಳೆಯರು ಕೆಳಗೆ ಬಂದು ಹೇಳ್ತಾರೆ. ಒಂಬತ್ತು ವರ್ಷದ ಹಿಂದೆ ನಾನೂ ಒಂದು ಕಟ್ಟಿದೆ. ಇವನಿಗಿಂತ ಜೋರಾಗಿ ಕಟ್ಟಿದೆ. ಎರಡು ದಿನದ ತರಬೇತಿಗೆ ಅದನ್ನು ಹೊತ್ತುಕೊಂಡು ಜಂಬದಲ್ಲಿ ಹೋದೆ. ಎರಡನೇ ದಿನ ಬೆಳಿಗ್ಗೆ ಭುಜಕ್ಕೆ ಒತ್ತಿಕೊಳ್ಳುವ ಹಿಂಬದಿಯ ಹಿಡಿ ಗಿರಕಿ ಹೊಡೆಯೋಕೆ ಶುರು ಮಾಡಿತು. ಅದನ್ನು ಬಿಗಿಯಾಗಿ ಹಿಡಿಯುವ ನಟ್ಟನ್ನು ನಾನು ಸರಿಯಾಗಿ ತಿರುಗಿಸಿರಲಿಲ್ಲ, ಸಡಿಲ ಆಗದ ಹಾಗೆ ಚಾಣದಲ್ಲಿ ಗುದ್ದಿರಲಿಲ್ಲ. ಕಲಿಸುವವನು ನಗಲಿಲ್ಲ. ತನ್ನದೇ ಒಂದು ಸಾದಾ ರೈಫಲ್ ಕೊಟ್ಟ, ಆರುನೂರು ಡಾಲರಿನದು. ಅದರಲ್ಲೂ ನಾನು ಅಷ್ಟೇ ಕೆಟ್ಟದಾಗಿ ಹೊಡೆದೆ. ಅವತ್ತು ಸಂಜೆ ಕಾರಿನಲ್ಲಿ ಒಬ್ಬನೇ ಕೂತು ಲೆಕ್ಕ ಹಾಕಿದೆ, ಬಿಡಿಭಾಗಕ್ಕೆ ಸುರಿದ ದುಡ್ಡಿಗೆ ಎಷ್ಟು ಸಾವಿರ ತೋಟೆ ಬರ್ತಿತ್ತು ಅಂತ. ಹೆಂಡತಿಗೆ ಇವತ್ತಿಗೂ ಆ ಲೆಕ್ಕ ಹೇಳಿಲ್ಲ. ಈಗ ಓದ್ತಾಳೆ.

ಈ ರೈಫಲಿನ ಚರಿತ್ರೆಯಲ್ಲೇ ಈ ಪಾಠ ಇದೆ. ಎಆರ್ ಅಂದರೆ ಆರ್ಮಲೈಟ್, ಇದನ್ನು ರೂಪಿಸಿದ ಯೂಜೀನ್ ಸ್ಟೋನರ್ ಕೆಲಸ ಮಾಡುತ್ತಿದ್ದ ಕಂಪನಿ. 1959ರಲ್ಲಿ ಅವರು ರೈಫಲಿನ ಹಕ್ಕನ್ನು ಕೋಲ್ಟ್ ಅನ್ನೋ ಬಂದೂಕು ಕಂಪನಿಗೆ ಮಾರಿದರು. ಅದರ ಸೇನಾ ರೂಪ ಎಂ-16 ವಿಯೆಟ್ನಾಮಿಗೆ ಹೋಯಿತು. ಹಗುರ, ಹೊಸ ಕಾಲದ್ದು, ಇದನ್ನು ತೊಳೆಯುವುದೇ ಬೇಡ ಅನ್ನುವ ಮಾತು ಸೈನಿಕರ ನಡುವೆ ಹಬ್ಬಿತ್ತು. ಶುಚಿ ಮಾಡುವ ಸಾಮಾನು ಸಾಕಷ್ಟು ಹೋಗಲಿಲ್ಲ, ಕಲಿಸುವವರೂ ಕಡಿಮೆ, ಮೇಲಿಂದ ತೋಟೆಯ ಮದ್ದನ್ನೂ ಬದಲಾಯಿಸಿದರು. ಯುದ್ಧದ ನಡುವೆ ರೈಫಲ್ ಕಚ್ಚಿಕೊಂಡು ಹುಡುಗರು ಸತ್ತರು. 1967ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೇ ಕೂತು ವಿಚಾರಣೆ ಮಾಡಬೇಕಾಯಿತು. ಆಮೇಲೆ ಚೇಂಬರಿಗೆ ಕ್ರೋಮ್ ಲೇಪನ ಬಂತು, ಜೊತೆಗೆ ತೊಳೆಯುವುದನ್ನು ಚಿತ್ರ ಬರೆದು ಕಲಿಸುವ ಪುಸ್ತಿಕೆಯೂ ಬಂತು.

ನಮ್ಮ ಊರಿನ ಕಥೆ ಬೇರೆ. ಕೊಪ್ಪದ ಕಡೆ ತೋಟದ ಮನೆ, ಮಂಗ ಓಡಿಸೋಕೆ ಅಜ್ಜಯ್ಯನ ಹತ್ತಿರ ಒಂದು ಕೇಪಿನ ಕೋವಿ. ಮದ್ದು ಹೊಯ್ದು, ಕತ್ತ ತುರುಕಿ, ಚರೆ ಹಾಕಿ, ಗಜದ ಕೋಲಿನಲ್ಲಿ ಗುದ್ದಿ, ಕೇಪು ಕೂರಿಸುವಷ್ಟರಲ್ಲಿ ಮುಸಿಯ ಪಕ್ಕದ ತೋಟಕ್ಕೆ ಹೋಗಿ ಬಾಳೆಕಾಯಿ ತಿಂದು ಮುಗಿಸಿರ್ತಿತ್ತು. ಒಂದು ಈಡಿಗೆ ಅಷ್ಟು ಖಟಿಪಿಟಿ ಇದ್ದಾಗ ಮನುಷ್ಯ ಯೋಚಿಸಿ ಹೊಡೀತಾನೆ. ಹಾಗಂತ ಅಜ್ಜಯ್ಯ ದೊಡ್ಡ ಶಿಸ್ತಿನ ಸಿಪಾಯಿ ಅಂತ ನಾನು ಹೇಳೋದಿಲ್ಲ. ಈಡು ತುಂಬಿದ ಕೋವಿಯನ್ನು ಜಗುಲಿಯ ಗೂಟಕ್ಕೆ ನೇತುಹಾಕಿ, ಕೆಳಗೆ ನಮ್ಮನ್ನು ಊಟಕ್ಕೆ ಕೂರಿಸ್ತಿದ್ದರು. ಚುನಾವಣೆ ಬಂದಾಗ ಸ್ಟೇಷನ್ನಿಗೆ ಒಪ್ಪಿಸಿ ಬರಬೇಕಲ್ಲ, ಆ ಒಂದೂವರೆ ತಿಂಗಳೇ ನಮ್ಮ ಮನೆ ಕ್ಷೇಮವಾಗಿರ್ತಿದ್ದದ್ದು.

ಇಲ್ಲಿ ಒಂದು ಮ್ಯಾಗಜೀನಿನಲ್ಲಿ ಮೂವತ್ತು ತೋಟೆ. ಬೆರಳು ಒತ್ತಿದಷ್ಟು ಸಲ ಈಡು. ಯೋಚಿಸುವ ಹೊತ್ತನ್ನು ಯಂತ್ರ ಕೊಡೋದಿಲ್ಲ, ಅದನ್ನು ಮೊದಲೇ ಅಭ್ಯಾಸ ಮಾಡಿ ಇಟ್ಟುಕೊಂಡಿರಬೇಕು. ಅದಕ್ಕೆ ದುಡ್ಡೂ ಬೇಡ. ತೋಟೆಯನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು, ಚೇಂಬರ್ ಖಾಲಿ ಅಂತ ಎರಡು ಸಲ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಚಿತ ಮಾಡಿಕೊಂಡು, ದಿನಕ್ಕೆ ಹತ್ತು ನಿಮಿಷ ಗುರಿ ಹಿಡಿದು ಖಾಲಿ ಟ್ರಿಗರ್ ಎಳೆಯಿರಿ. ಬೇಜಾರು ಬರುತ್ತೆ. ಫೋಟೋಗೆ ಚೆನ್ನಾಗಿ ಕಾಣಲ್ಲ. ಅದಕ್ಕೇ ಯಾರೂ ಮಾಡಲ್ಲ.

ಎರಡು ವರ್ಷದ ಹಿಂದೆ ರಾತ್ರಿ ಎರಡೂವರೆಗೆ ಹಿತ್ತಲಲ್ಲಿ ದಡಬಡ ಸದ್ದು. ನಾನು, ಇಷ್ಟೆಲ್ಲ ಉಪದೇಶ ಮಾಡೋ ಮಹಾನುಭಾವ, ಸೇಫಿನ ಮುಂದೆ ಕೂತು ಮೂರು ಸಲ ನಂಬರ್ ತಪ್ಪು ಒತ್ತಿದೆ. ಮಗಳು ಹುಟ್ಟಿದ ದಿನದ ನಂಬರ್ ಅದು! ನಾಲ್ಕನೇ ಸಲ ತೆರೆಯಿತು. ಮ್ಯಾಗಜೀನ್ ಗ್ಯಾರೇಜಿನಲ್ಲಿತ್ತು. ಕೈ ನಡುಗಿದ್ದು ಇನ್ನೂ ನೆನಪಿದೆ. ಹೊರಗೆ ಕಸದ ಡಬ್ಬಿ ಉರುಳಿಸಿದ್ದು ರಕೂನ್ ಅನ್ನೋ ಒಂದು ಪ್ರಾಣಿ. ಆ ಕೈಯಲ್ಲಿ ಅವತ್ತು ರೈಫಲ್ ಬೇಗ ಸಿಕ್ಕಿದ್ದರೆ? ಹಿತ್ತಲಿನ ಬೇಲಿ ಆಚೆ ಪಕ್ಕದ ಮನೆಯವರ ಮಕ್ಕಳು ಮಲಗುವ ಕೋಣೆ.

ಬೆಂಗಳೂರಿನ ಗೆಳತಿಯೊಬ್ಬಳು ಪ್ರತಿ ಸಲ ಕೇಳ್ತಾಳೆ, ಇಷ್ಟು ಭಯ ಇದ್ದ ಮೇಲೆ ಆ ದರಿದ್ರ ಯಾಕೆ ಇಟ್ಟುಕೊಂಡಿದ್ದೀಯ ಅಂತ. 2023ರ ಮೇ 6ರಂದು ಇಲ್ಲೇ ಆಲೆನ್ ಊರಿನ ಮಾಲಿನಲ್ಲಿ ಒಬ್ಬ ಎಂಟು ಜನರನ್ನು ಕೊಂದ. ಸತ್ತವರಲ್ಲಿ ನಮ್ಮ ಪಕ್ಕದ ತೆಲಂಗಾಣದಿಂದ ಬಂದ ಇಂಜಿನಿಯರ್ ಹುಡುಗಿಯೂ ಇದ್ದಳು. ನಾವು ಮಕ್ಕಳಿಗೆ ಶೂ ಕೊಳ್ಳೋಕೆ ಹೋಗುವ ಮಾಲ್ ಅದು. ಅವನ ಕೈಯಲ್ಲಿದ್ದದ್ದೂ, ನನ್ನ ಸೇಫಿನಲ್ಲಿರೋದೂ ಒಂದೇ ಜಾತಿ. ಆ ವಾರ ಹೆಂಡತಿ ಮಾತಾಡಲಿಲ್ಲ. ಗೆಳತಿಗೆ ಕೊಡೋಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಗುರಿಗೆ ತಾಗಿದಾಗ ಆಗುವ ಖುಷಿ ಬಿಡೋಕೆ ಆಗ್ತಿಲ್ಲ, ಅಷ್ಟೇ. ಆದರೆ ಆ ದೊಡ್ಡ ಪ್ರಶ್ನೆಯನ್ನು ತಂದು ಶನಿವಾರದ ವಿಷಯ ಮುಚ್ಚಬೇಡಿ. ಇಟ್ಟುಕೊಳ್ಳೋದು ಅಂತ ತೀರ್ಮಾನಿಸಿದವನು ಕಲಿಯಬೇಕೋ ಬೇಡವೋ? ಅಷ್ಟಕ್ಕೆ ಉತ್ತರ ಹೇಳಿ.

ಹೊಸದಾಗಿ ಕೊಳ್ಳೋರು ಕೇಳಿದರೆ ನನ್ನ ಸಲಹೆ ಇಷ್ಟೇ: ಕಟ್ಟೋಕೆ ಹೋಗಬೇಡಿ. ಹದಿನಾರು ಇಂಚು ನಳಿಗೆಯ ಸಾದಾ ರೈಫಲ್ ರೆಡಿಯಾಗಿರೋದೇ ತಗೊಳ್ಳಿ, ಗುರಿಗೆ ಕೆಂಪು ಚುಕ್ಕಿ ತೋರಿಸುವ ಒಂದು ರೆಡ್ ಡಾಟ್, ಹೆಗಲಿಗೆ ಹಾಕೋಕೆ ಒಂದು ಪಟ್ಟಿ, ಒಂದು ಗಟ್ಟಿ ಸೇಫು. ಉಳಿದ ದುಡ್ಡೆಲ್ಲ ತೋಟೆಗೆ ಮತ್ತು ಕಲಿಸುವವರಿಗೆ. 300 ಬ್ಲ್ಯಾಕೌಟ್ ಅನ್ನೋ ತೋಟೆ ಇದೇ ಮ್ಯಾಗಜೀನಿನಲ್ಲಿ ಕೂರುತ್ತೆ, ಅಪ್ಪಿತಪ್ಪಿ ಇದರ ಮಾಮೂಲಿ 5.56 ತೋಟೆಯ ನಳಿಗೆಯಲ್ಲಿ ಹೊಡೆದರೆ ರೈಫಲ್ ಮುಖದ ಮುಂದೆಯೇ ಸಿಡಿಯುತ್ತೆ. ಎರಡನ್ನೂ ಒಂದೇ ಚೀಲದಲ್ಲಿ ಒಯ್ಯಬೇಡಿ. ನಳಿಗೆಯ ಬಣ್ಣ ಯಾವುದು ಅಂತ ನನ್ನನ್ನು ಕೇಳಬೇಡಿ.

ಮತ್ತೆ ಎಚ್-1ಬಿ ವೀಸಾದ ಮಿತ್ರರೇ, "ಸುಮ್ಮನೆ ಒಂದು ಸಲ ಹಿಡ್ಕೊಂಡು ಫೋಟೋ" ಅನ್ನೋರೇ, ನಿಮಗೆ ಬಂದೂಕು ಕೈಯಲ್ಲಿ ಹಿಡಿಯುವುದೂ ಫೆಡರಲ್ ಅಪರಾಧ ಆಗಬಹುದು. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಆ ಮಾತು ಬೇರೆ. ವರ್ಷಾನುಗಟ್ಟಲೆ ಸರದಿಯಲ್ಲಿ ನಿಂತಿದ್ದನ್ನು ಒಂದು ಸ್ಟೇಟಸ್ಸಿಗೆ ಕಳ್ಕೋಬೇಡಿ.

ಹುಡುಗನಿಗೆ: ಬೈದಿದ್ದಕ್ಕೆ ಕ್ಷಮೆ ಕೇಳಲ್ಲ. ಬರೋ ಶನಿವಾರ ಬೆಳಿಗ್ಗೆ ಎಂಟಕ್ಕೆ ನಾನು ಅದೇ ರೇಂಜಿನ ಗೇಟಿನಲ್ಲಿ ಇರ್ತೀನಿ, ಒಳಗೆ ಬಿಡಿ ಅಂತ ಆಫೀಸರ್ ಹತ್ತಿರ ನಾನೇ ಮಾತಾಡ್ತೀನಿ. ಇನ್ನೂರು ತೋಟೆ ತಗೊಂಡು ಬಾ. ಫೋನು ಕಾರಿನಲ್ಲಿ ಬಿಟ್ಟು ಬಾ.