ವಾಲ್ವ್ ಕಿತ್ತು ಬಿಸಾಕುವ ಮಹಾನುಭಾವರಿಗೆ

ನಿನ್ನೆ ಗೆಳೆಯರೊಬ್ಬರ ಹಳೆ ಮಾರುತಿ 800 ಗಾಡಿ ಜೊತೆ ಗ್ಯಾರೇಜಿಗೆ ಹೋಗಿದ್ದೆ. ಟ್ರಾಫಿಕ್ಕಲ್ಲಿ ನಿಂತರೆ ಸಾಕು, ಎಂಜಿನ್ ಬಿಸಿ ತೋರಿಸೋ ಮೀಟರಿನ ಮುಳ್ಳು ಮೇಲೇರುತ್ತಿತ್ತು. ಮೆಕ್ಯಾನಿಕ್ ಬಾನೆಟ್ ಎತ್ತಿದ, ಥರ್ಮೋಸ್ಟಾಟ್ ಹೌಸಿಂಗ್ ಬೋಲ್ಟ್ ಬಿಚ್ಚಿದ, ಒಳಗಿದ್ದ ಥರ್ಮೋಸ್ಟಾಟ್ ವಾಲ್ವನ್ನು (ಎಂಜಿನ್ ನೀರು ಬಿಸಿಯಾದ ಮೇಲಷ್ಟೇ ಅದನ್ನು ತಂಪು ಮಾಡೋ ರೇಡಿಯೇಟರಿಗೆ ಬಿಡುವ ಬಾಗಿಲು) ಇಕ್ಕಳದಲ್ಲಿ ಎಳೆದು ತಿರುಗಿಯೂ ನೋಡದೆ ಗುಜರಿ ಡಬ್ಬಿಗೆ ಎಸೆದ. "ಇದೆಲ್ಲ ಹಿಮ ಬೀಳೋ ದೇಶದವರಿಗೆ ಸಾರ್. ನಮ್ಮ ಬಿಸಿಲಿಗೆ ಯಾಕಿದು?" ಅಂದ. ಗೆಳೆಯರು ಹೌದಲ್ವಾ ಅಂತ ತಲೆ ಆಡಿಸಿದರು. ಆ ವಾಲ್ವ್ 82 ಡಿಗ್ರಿಗೆ ತೆರೆಯುತ್ತಿತ್ತೋ ಇಲ್ಲವೋ, ನನ್ನ ತಲೆ ಮಾತ್ರ ಅದಕ್ಕೂ ಮೊದಲೇ ಕುದಿಯಿತು.

ನನ್ನ 2002ರ ಮಾರುತಿ ಝೆನ್ ಕಾರಿನ ವಿಷಯ ನಿಮಗೆಲ್ಲ ಗೊತ್ತೇ ಇದೆ. "ಮಾರಿಬಿಡಯ್ಯ ಅದನ್ನ" ಅಂತ ಹೇಳಿ ಹೇಳಿ ಸುಸ್ತಾದವರು ಇಲ್ಲೇ ಎಷ್ಟೋ ಜನ ಇದ್ದೀರಿ. ಹಳೆ ಗಾಡಿ ಇಟ್ಟುಕೊಂಡ ತಪ್ಪಿಗೆ ಈ "ವಾಲ್ವ್ ಬೇಡ ಸಾರ್" ಅನ್ನೋ ಮಾತನ್ನು ಎಲ್ಲ ಗ್ಯಾರೇಜಲ್ಲೂ ಕೇಳಿದ್ದೇನೆ. ಹೇಳುವವರ ಧೈರ್ಯ ನೋಡಬೇಕು. ಎಂಜಿನ್ ಮಾಡಿದ ಜಪಾನಿನವರಿಗೆ ಗೊತ್ತಾಗದ್ದು ಇವರಿಗೆ ಗೊತ್ತಾಗಿದೆ!

ಆ ವಾಲ್ವ್ ಏನು ಅಂತ ಒಮ್ಮೆ ನೋಡಿ. ಒಂದು ಪುಟ್ಟ ಲೋಹದ ಗುಂಡಿಯೊಳಗೆ ಮೇಣ ತುಂಬಿರುತ್ತೆ. ಬಿಸಿಗೆ ಮೇಣ ಕರಗಿ ಹಿಗ್ಗುತ್ತೆ, ಒಳಗಿನ ಕಡ್ಡಿಯನ್ನು ತಳ್ಳುತ್ತೆ, ಸ್ಪ್ರಿಂಗ್ ಒತ್ತಿಕೊಂಡು ಬಾಗಿಲು ತೆರೆಯುತ್ತೆ. ತಣ್ಣಗಾದರೆ ಸ್ಪ್ರಿಂಗ್ ವಾಪಸ್ ಮುಚ್ಚುತ್ತೆ. ಕರೆಂಟ್ ಬೇಡ, ವೈರ್ ಬೇಡ. ಈ ಮೇಣದ ಉಪಾಯವನ್ನು ಸರ್ಜಿಯಸ್ ವರ್ನೆ ಅನ್ನೋರು 1930ರ ದಶಕದಲ್ಲೇ ಮಾಡಿಟ್ಟರು, ಇವತ್ತಿಗೂ ಅದೇ ನಡೀತಿದೆ. ಎಂಜಿನ್ ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದ ಹಾಗೆ ತಡೆದು, ಎಂಜಿನ್ ಬೇಗ ಬಿಸಿಯಾಗಲಿ ಅಂತ ಕಾಯೋದು ಅದರ ಕೆಲಸ. ಅಂದರೆ ಅದು ಎಂಜಿನ್ ತಣ್ಣಗಿಡೋಕೆ ಇರೋದಲ್ಲ ಸ್ವಾಮಿ, ಬಿಸಿಯಾಗಿಡೋಕೆ ಇರೋದು. ಇಷ್ಟು ಅರ್ಥವಾದರೆ ಅರ್ಧ ಜಗಳ ಮುಗಿಯುತ್ತೆ.

"ನಮ್ಮ ಬಿಸಿಲು" ಅಂತಾರೆ. ರಾಯಚೂರಿನ ಮೇ ತಿಂಗಳೇ ಆಗಲಿ, ಹೊರಗೆ 42 ಡಿಗ್ರಿ ಇರಬಹುದು. ಎಂಜಿನ್‌ಗೆ ಬೇಕಾಗಿರೋದು 80ರ ಮೇಲೆ. 42 ಎಲ್ಲಿ, 82 ಎಲ್ಲಿ? ಇನ್ನು ಬೆಂಗಳೂರಿನ ಜನವರಿ ಬೆಳಿಗ್ಗೆ ಬಿಡಿ. ವಾಲ್ವ್ ಇಲ್ಲದ ಗಾಡಿ ಆಫೀಸ್ ಮುಟ್ಟುವ ಹೊತ್ತಿಗೂ ಸರಿಯಾಗಿ ಬಿಸಿಯಾಗಿರಲ್ಲ. ನನ್ನದರಂಥ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಲ್ಲಿ ಪೆಟ್ರೋಲ್ ಚಿಮ್ಮಿಸೋ) ಗಾಡಿಯಲ್ಲಿ ಇಸಿಯುಗೆ, ಅಂದರೆ ಎಂಜಿನ್ ನೋಡಿಕೊಳ್ಳೋ ಕಂಪ್ಯೂಟರಿಗೆ, ನೀರು ಇನ್ನೂ ತಣ್ಣಗಿದೆ ಅಂತ ಕಾಣುತ್ತೆ, ಪಾಪ ಅದು ಪೆಟ್ರೋಲ್ ಜಾಸ್ತಿ ಸುರಿಯುತ್ತಲೇ ಇರುತ್ತೆ. ಮೈಲೇಜ್ ಬಿತ್ತು. ಸುಡದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತೆ. ಒಳಗೆ ಸೇರಿದ ನೀರಿನ ಆವಿ ಆಚೆ ಹೋಗುವಷ್ಟು ಆಯಿಲ್ ಬಿಸಿಯಾಗಲ್ಲ. ಆಮೇಲೊಂದು ದಿನ ಆಯಿಲ್ ಮುಚ್ಚಳ ತೆಗೆದರೆ ಅಡಿಯಲ್ಲಿ ಕೆನೆ ಥರ ಬಿಳಿ ಜಿಗುಟು. ಅದನ್ನ ನೋಡಿ ಇದೇ ಮಹಾನುಭಾವರು "ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಯ ಕೆಳಗೆ ಸೋರದ ಹಾಗೆ ಕೂರಿಸೋ ಪದರ) ಹೋಗಿದೆ ಸಾರ್" ಅಂತ ದೊಡ್ಡ ಬಿಲ್ಲಿಗೆ ಪೀಠಿಕೆ ಹಾಕ್ತಾರೆ.

ಈಗ ಒಬ್ಬರು ಬಂದೇ ಬರ್ತಾರೆ, "ನಮ್ಮ ಮಾವನ ಗಾಡಿ ಎಷ್ಟೋ ವರ್ಷದಿಂದ ವಾಲ್ವ್ ಇಲ್ದೆ ಓಡ್ತಿದೆ, ಏನೂ ಆಗಿಲ್ಲ" ಅಂತ. ಓಡುತ್ತೆ. ಯಾರು ಇಲ್ಲ ಅಂದ್ರು? ಮಾವನವರು ಪೆಟ್ರೋಲಿಗೆ ಎಷ್ಟು ಹಾಕಿದ್ದಾರೆ ಅಂತ ಕೇಳಿದ್ದೀರಾ? ಡಿಸೆಂಬರಿನಲ್ಲಿ ಮಡಿಕೇರಿಗೆ ಹೋದಾಗ ಗಾಜಿನ ಮೇಲೆ ಮಂಜು ಕೂತು ಹೀಟರ್ ಹಾಕಿದರೆ ಉಗುರು ಬೆಚ್ಚಗಿನ ಗಾಳಿಯೂ ಬರಲ್ಲ, ಅದು ಯಾಕೆ ಅಂತ ಯೋಚಿಸಿದ್ದಾರಾ? ಇನ್ನೊಂದು ವಿಷಯ. ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ತೆರೆದಾಗ ಅದರ ಅಡಿಯ ತಟ್ಟೆ ಬೈಪಾಸ್ ದಾರಿಯನ್ನು (ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ವಾಪಸ್ ಬರೋ ದಾರಿ) ಮುಚ್ಚುತ್ತೆ. ಅಂಥ ಕಡೆ ವಾಲ್ವನ್ನೇ ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತೆ. ಬಿಸಿನೀರಿನಲ್ಲಿ ಒಂದು ಪಾಲು ರೇಡಿಯೇಟರ್ ಮುಖವನ್ನೇ ನೋಡದೆ ಒಳಗೊಳಗೇ ಸುತ್ತುತ್ತೆ. ತಂಪು ಮಾಡೋಕೆ ಹೋಗಿ ಇನ್ನೂ ಬಿಸಿ!

ಈ ಚಾಳಿ ಎಲ್ಲಿಂದ ಬಂತು ಅಂತ ನನಗೆ ಅನಿಸೋದು ಇಷ್ಟು. ಬೋರ್‌ವೆಲ್ ನೀರು ತುಂಬಿ ತುಂಬಿ ಒಳಗೆಲ್ಲ ತುಕ್ಕು, ಸುಣ್ಣ. ವಾಲ್ವ್ ಕಚ್ಚಿಕೊಂಡು ಮುಚ್ಚಿದಂತೆಯೇ ಉಳಿದರೆ ಎಂಜಿನ್ ಕುದಿಯುತ್ತೆ, ಗಿರಾಕಿ ಬಂದು ಕೂಗಾಡ್ತಾನೆ. ವಾಲ್ವೇ ಇಲ್ಲದಿದ್ದರೆ ಯಾರೂ ಕೂಗಾಡಲ್ಲ, ಮೈಲೇಜ್ ಹೋದರೆ ಟ್ರಾಫಿಕ್ಕನ್ನ ಬೈಕೊಂಡು ಸುಮ್ಮನಾಗ್ತಾರೆ. ಮೆಕ್ಯಾನಿಕ್ ವಾಲ್ವ್ ತೆಗೆಯೋದು ಎಂಜಿನ್ ಉಳಿಸೋಕಲ್ಲ, ತನ್ನ ತಲೆನೋವು ತಪ್ಪಿಸಿಕೊಳ್ಳೋಕೆ. ನಿನ್ನೆಯ ಗಾಡಿಯಲ್ಲಂತೂ ಫ್ಯಾನ್ ತಿರುಗ್ತಿದೆಯಾ, ರೇಡಿಯೇಟರ್ ಕಟ್ಟಿದೆಯಾ, ರೇಡಿಯೇಟರ್ ಮುಚ್ಚಳದ ರಬ್ಬರ್ ಸರಿ ಇದೆಯಾ, ಒಂದನ್ನೂ ನೋಡಲಿಲ್ಲ. ಮೊದಲ ಏಟು ಪಾಪದ ವಾಲ್ವಿಗೆ.

ಸರಿ, ಹೊಸದು ಹಾಕೋಣ ಅಂತ ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗ ಸಿಗೋ ಜೆ.ಸಿ. ರೋಡಿಗೆ ಹೋದರೆ ಅಲ್ಲಿ ಬೇರೆ ನಾಟಕ. "82 ಕೊಡಿ" ಅಂದೆ. "88 ಇದೆ, ಎರಡೂ ಒಂದೇ ಸಾರ್." ಒಂದೇ ಆಗಿದ್ದರೆ ಎರಡು ನಂಬರ್ ಯಾಕಪ್ಪಾ ಹೊಡೆದಿದ್ದಾರೆ? ಪಕ್ಕದ ಅಂಗಡಿಯವರು ಇನ್ನೂ ಉದಾರಿಗಳು, "76 ಹಾಕಿ ಸಾರ್, ಎಂಜಿನ್ ಕೂಲಾಗಿರುತ್ತೆ" ಅಂದರು. ಮತ್ತೆ ಅದೇ ಕಥೆ! ಆ ನಂಬರ್ ಹೇಳೋದು ಬಾಗಿಲು ಯಾವಾಗ ತೆರೆಯಲು ಶುರುವಾಗುತ್ತೆ ಅಂತ ಅಷ್ಟೇ. 82ರದ್ದು ಪೂರ್ತಿ ತೆರೆಯೋದು 95ರ ಹತ್ತಿರ. ಪೂರ್ತಿ ತೆರೆದ ಮೇಲೆ ಎಂಜಿನ್ ಎಷ್ಟು ಬಿಸಿಯಾಗಬೇಕು ಅನ್ನೋದು ರೇಡಿಯೇಟರ್ ಮತ್ತು ಫ್ಯಾನ್ ಕೈಯಲ್ಲಿದೆ. ರೇಡಿಯೇಟರ್ ಕಟ್ಟಿಕೊಂಡಿದ್ದರೆ 76 ಹಾಕಿದರೂ ಕುದಿಯುತ್ತೆ, ಸ್ವಲ್ಪ ತಡವಾಗಿ. 88 ಅಂದರೆ ಹೆದರುವಂಥದ್ದೂ ಏನಿಲ್ಲ. ಒಳ್ಳೆ ಮುಚ್ಚಳ 0.9 ಬಾರ್ ಒತ್ತಡ ಹಿಡಿದಿಟ್ಟರೆ ಒಳಗಿನ ನೀರು 115 ದಾಟಿದರೂ ಕುದಿಯಲ್ಲ. ನಿಮ್ಮ ಎಂಜಿನ್‌ಗೆ ಕಂಪನಿ ಯಾವುದು ಕೊಟ್ಟಿತ್ತೋ ಅದನ್ನೇ ಹಾಕಿ. ಹಳೇ ವಾಲ್ವಿನ ಮೇಲೆ ನಂಬರ್ ಒತ್ತಿರುತ್ತೆ, ಉಜ್ಜಿ ನೋಡಿ. ಅದಕ್ಕೇ ಹೇಳೋದು, ಗುಜರಿ ಡಬ್ಬಿಗೆ ಎಸೆಯಬೇಡಿ ಅಂತ!

ತರುವಾಗ ಅಂಚಿನಲ್ಲಿ ಅಲುಗಾಡುವ ಒಂದು ಚಿಕ್ಕ ಪಿನ್ ಇದೆಯಾ ನೋಡಿ. ಒಳಗೆ ಸಿಕ್ಕಿಕೊಂಡ ಗಾಳಿ ಆಚೆ ಹೋಗೋದು ಅಲ್ಲಿಂದ. ನನಗೆ ಕೊಟ್ಟ ಒಂದು ಲೋಕಲ್ ಪೀಸಲ್ಲಿ ಪಿನ್ ಇರಲೇ ಇಲ್ಲ, ಬರೀ ತೂತು. ಬೇಡ ಅಂದೆ. ಐನೂರು ರೂಪಾಯಿ ಒಳಗಿನ ವಸ್ತುವಿಗೆ ಇಷ್ಟು ಚೌಕಾಸಿ ಮಾಡೋ ಗಿರಾಕಿಯನ್ನ ಅಂಗಡಿಯವರು ಹೇಗೆ ನೋಡಿದರು ಅಂತ ಬರೆಯೋದು ಬೇಡ.

ಮನೆಗೆ ತಂದು ಪರೀಕ್ಷೆ ಮಾಡದೆ ಹಾಕಬೇಡಿ. ಪಾತ್ರೆಯಲ್ಲಿ ನೀರಿಟ್ಟು, ವಾಲ್ವಿನ ಬಾಯಿಗೆ ಒಂದು ದಾರ ಸಿಕ್ಕಿಸಿ ನೇತುಹಾಕಿ, ಪಕ್ಕದಲ್ಲಿ ಥರ್ಮಾಮೀಟರ್ ಇಡಿ. ಬಾಯಿ ಬಿಡುತ್ತಿದ್ದ ಹಾಗೆ ದಾರದಿಂದ ಜಾರಿ ಟಣ್ ಅಂತ ತಳಕ್ಕೆ ಬೀಳುತ್ತೆ. ಆ ಸದ್ದು ಕೇಳೋಕೆ ನನಗೆ ಎಷ್ಟು ಖುಷಿ ಅಂತ ಹೇಳಿದರೆ ನಗ್ತೀರಿ. "ಸಾರಿನ ಪಾತ್ರೆ ಅಲ್ಲ ತಾನೇ ಅದು?" ಅಂತ ನಮ್ಮನೆಯವಳು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ, ಅದು ಬೇರೆ ಮಾತು. ಆದರೆ ಬೆಂಗಳೂರಿನವರು ಒಂದು ಗಮನಿಸಿ. ನಾವಿರೋದು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತೆ. 88ರ ವಾಲ್ವ್ ಪೂರ್ತಿ ತೆರೆಯೋದು 100ಕ್ಕೆ. ಮಂಗಳೂರಿನ ಅಡುಗೆಮನೆಯಲ್ಲಿ ಪೂರ್ತಿ ತೆರೆದ ವಾಲ್ವ್ ಇಲ್ಲಿ ಎಷ್ಟು ಕುದಿಸಿದರೂ ಸ್ವಲ್ಪ ಬಾಕಿ ಉಳಿಸಿಕೊಳ್ಳುತ್ತೆ. ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಒಯ್ದು ಜಗಳ ಆಡಬೇಡಿ.

ಹಾಕೋದು ಸುಲಭ. ಸ್ಪ್ರಿಂಗ್ ಎಂಜಿನ್ ಕಡೆಗೆ, ಪಿನ್ ಮೇಲಕ್ಕೆ. ಹಳೆ ಗ್ಯಾಸ್ಕೆಟ್ ಚೂರುಗಳನ್ನ ಪೂರ್ತಿ ಕೆರೆದು ತೆಗೀರಿ. ಪೇಸ್ಟ್ ಮೆತ್ತೋ ಹುಡುಗನ ಕೈಯಿಂದ ಟ್ಯೂಬ್ ಕಿತ್ಕೊಳ್ಳಿ. ನಲ್ಲಿ ನೀರು ಬೇಡ, ತುಕ್ಕು ಹಿಡಿಸದ ಕೂಲೆಂಟ್ ದ್ರವ ಹಾಕಿ.

ನಿನ್ನೆಯ ಗೆಳೆಯರು ಈಗ ಫೋನ್ ಮಾಡಿ, "ಮುಳ್ಳು ಕೆಳಗೇ ಇದೆ, ಗಾಡಿ ಫಸ್ಟ್ ಕ್ಲಾಸ್" ಅಂದರು. ಆಯ್ತು ಸಾರ್, ಮೊದಲ ಟ್ಯಾಂಕ್ ಖಾಲಿಯಾಗಲಿ ಆಮೇಲೆ ಮಾತಾಡೋಣ ಅಂದೆ. ಅಂದಹಾಗೆ ನನ್ನ ಝೆನ್‌ನ ಥರ್ಮೋಸ್ಟಾಟ್ ಹೌಸಿಂಗ್ ಅಂಚು ಸವೆದು ಸಣ್ಣಗೆ ಸೋರ್ತಿದೆ. ಯಾರ ಹತ್ತಿರವಾದರೂ ಒಳ್ಳೇದಿದ್ದರೆ ಇನ್‌ಬಾಕ್ಸ್ ಮಾಡಿ, ಕೇಳಿದಷ್ಟು ಕೊಡ್ತೀನಿ. "ಅದನ್ನೂ ತೆಗೆದುಬಿಡಿ ಸಾರ್" ಅನ್ನೋರು ದಯವಿಟ್ಟು ಮಾಡಬೇಡಿ.