ಮುಳುಗಿದ ಹೊಲದ ಉತಾರ ಎಲ್ಲಿಂದ ತರಲಿ?

ನನ್ನ ತಮ್ಮನಿಗೆ ಜಾಮೀನು ಮಂಜೂರಾಗಿ ಇಂದಿಗೆ 19 ದಿನ. ಅವನು ಇನ್ನೂ ಜೈಲಿನಲ್ಲಿದ್ದಾನೆ. "ಜಾಮೀನು ಆಯಿತು ಎಂದೆಯಲ್ಲ, ಹುಡುಗ ಎಲ್ಲಿ?" ಎಂದು ಅವ್ವ ದಿನವೂ ಕೇಳುತ್ತಾಳೆ. ಅವಳಿಗೆ ಏನು ಹೇಳಲಿ?

ತಮ್ಮ ಗೌಂಡಿ ಕೆಲಸ ಮಾಡುತ್ತಾನೆ. ಕೆಲಸದ ಜಾಗದಲ್ಲಿ ನಡೆದ ಹೊಡೆದಾಟದ ಪ್ರಕರಣದಲ್ಲಿ ಅವನ ಹೆಸರೂ ಸೇರಿತು. ತಪ್ಪು ಮಾಡಿದ್ದಾನೋ ಇಲ್ಲವೋ ವಿಚಾರಣೆಯಲ್ಲಿ ತೀರ್ಮಾನವಾಗಲಿ, ಅದಕ್ಕೆ ನನ್ನ ತಕರಾರಿಲ್ಲ. ನ್ಯಾಯಾಧೀಶರು 50,000 ರೂಪಾಯಿಯ ಬಾಂಡ್, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ ಎಂದು ಆದೇಶ ಮಾಡಿದರು. ಸಂಜೆಗೆ ಬಂದೇ ಬರುತ್ತಾನೆ ಎಂದು ಅವ್ವ ಹೋಳಿಗೆಗೆ ಬೇಳೆ ಕುದಿಯಲು ಇಟ್ಟಿದ್ದಳು.

ಅಲ್ಲಿಂದ ಶುರುವಾಯಿತು ಉತಾರದ ಕಾಟ. ಜಾಮೀನುದಾರನ ಹೆಸರಿನಲ್ಲಿ ಹೊಲದ ಉತಾರ, ಅಂದರೆ ಪಹಣಿ, ಇರಬೇಕು, ಅದೂ ಬಾಗಲಕೋಟೆ ಜಿಲ್ಲೆಯದೇ ಆಗಿರಬೇಕು ಎಂದರು. ನಾವು ಬೀಳಗಿ ತಾಲ್ಲೂಕಿನ ಮುಳುಗಡೆ ಊರಿನವರು. ಅಪ್ಪನ ನಾಲ್ಕು ಎಕರೆ ಆಲಮಟ್ಟಿಯ ಹಿನ್ನೀರಿನ ತಳದಲ್ಲಿದೆ. ಪುನರ್ವಸತಿ ಕೇಂದ್ರದ ನಮ್ಮ ಓಣಿಯಲ್ಲಿ ಯಾರ ಬಾಗಿಲು ತಟ್ಟಿದರೂ ನಿವೇಶನದ ಹಕ್ಕುಪತ್ರ ತೋರಿಸುತ್ತಾರೆ, ಹೊಲ ಯಾರಿಗೂ ಉಳಿದಿಲ್ಲ. ಆ ಹಕ್ಕುಪತ್ರ ಹಿಡಿದು ಹೋದರೆ ಗುಮಾಸ್ತರು ತಲೆ ಎತ್ತದೆಯೇ "ಇದು ನಡೆಯುವುದಿಲ್ಲ" ಎಂದು ವಾಪಸು ಸರಿಸಿದರು. ಹೊಲವನ್ನು ಸರ್ಕಾರವೇ ತೆಗೆದುಕೊಂಡು ನೀರಿಗೆ ಕೊಟ್ಟಿದೆ. ಈಗ ಅದೇ ಹೊಲದ ಕಾಗದ ಇಲ್ಲ ಎಂದು ನಮ್ಮ ಹುಡುಗನನ್ನು ಒಳಗೆ ಇಟ್ಟುಕೊಂಡರೆ ನಾವು ಯಾರ ಬಳಿ ಹೋಗಬೇಕು?

ತಮ್ಮನ ಹೆಂಡತಿಯ ಅಣ್ಣ ಜತ್ತದಿಂದ ಬಂದ. ಅವನಿಗೆ ಮೂರು ಎಕರೆ ದ್ರಾಕ್ಷಿ ತೋಟವಿದೆ. ಎರಡು ಬಸ್ ಬದಲಿಸಿ, ಸಾತ್‌ಬಾರಾ ಉತಾರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ತಂದಿದ್ದ. ಮಹಾರಾಷ್ಟ್ರದ್ದು, ಮರಾಠಿಯಲ್ಲಿದೆ, ಬೇಡ ಎಂದುಬಿಟ್ಟರು.

ಅಂದು ನನಗೆ ನಿಜವಾಗಿ ಹೊಟ್ಟೆ ಉರಿಯಿತು. ಉಚಿತ ಕಾನೂನು ನೆರವಿನ ವಕೀಲರು ಆಮೇಲೆ ಹೇಳಿದ ಕಥೆ ಕೇಳಿ ಅದು ಇನ್ನೂ ಹೆಚ್ಚಾಯಿತು. ಮಧ್ಯಪ್ರದೇಶದಲ್ಲಿ ಮೋತಿರಾಮ್ ಎಂಬ ಗೌಂಡಿ ಇದ್ದ. ಹೌದು, ಅವನೂ ಗೌಂಡಿಯೇ. ಅವನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದರು. ಅಣ್ಣತಮ್ಮಂದಿರಲ್ಲಿ ಒಬ್ಬ ಮುಂದೆ ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದರು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಆ ಧೋರಣೆಯನ್ನೇ ಖಂಡಿಸಿ, 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಅವನನ್ನು ಬಿಡಿಸಿದರು. ಅದು 1978ರಲ್ಲಿ! ನಾನು ಆಗ ಹುಟ್ಟಿರಲಿಲ್ಲ. ಅಂದೇ ತಪ್ಪು ಎಂದು ತೀರ್ಪಾದದ್ದನ್ನು ಇಂದು ನನ್ನ ತಮ್ಮನಿಗೆ ಹೇಗೆ ಮಾಡುತ್ತಾರೆ?

ಇನ್ನೊಂದು ಹೇಸಿಗೆಯ ಸಂಗತಿ ಇದೆ. ಮೂರನೆಯ ದಿನ ಚಹಾದಂಗಡಿಯಲ್ಲಿ ಒಬ್ಬ ಮೆಲ್ಲನೆ ಬಳಿಗೆ ಬಂದು, ಎಂಟು ಸಾವಿರ ಕೊಟ್ಟರೆ ಉತಾರದ ಸಮೇತ ಜಾಮೀನುದಾರನನ್ನು ತರುತ್ತೇನೆ, ನಾಳೆಯೇ ಬಿಡುಗಡೆ ಎಂದ. ತಮ್ಮನ ಮುಖವನ್ನೇ ನೋಡದವನು ಅವನಿಗೆ ಹೊಣೆ ನಿಲ್ಲುತ್ತಾನೆ. ಹೆಂಡತಿಯ ಸ್ವಂತ ಅಣ್ಣ ನಿಲ್ಲುತ್ತೇನೆ ಎಂದರೆ ನಡೆಯುವುದಿಲ್ಲ. ನಾನು ಹಣ ಕೊಡಲಿಲ್ಲ. ಅವ್ವ ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇದಕ್ಕೆಂದೇ ನಿರ್ದೇಶನ ಕೊಟ್ಟಿದೆ. ಜಾಮೀನು ಸಿಕ್ಕವನು ಏಳು ದಿನದಲ್ಲಿ ಹೊರಬರದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ನ್ಯಾಯಾಲಯವೇ ಮುಂದಾಗಿ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟದಿಂದ ಬಿಡುಗಡೆ ತಡವಾಗುತ್ತದೆ ಎಂಬುದನ್ನೂ ಅದರಲ್ಲಿ ಹೇಳಿದ್ದಾರೆ. ನನ್ನ ತಮ್ಮನ ವಿಷಯದಲ್ಲಿ ಏಳನೆಯ ದಿನ ಯಾರೂ ಯಾರಿಗೂ ತಿಳಿಸಲಿಲ್ಲ. ಹನ್ನೊಂದನೆಯ ದಿನ ನಾನೇ ಕೇಳುತ್ತಾ ಕೇಳುತ್ತಾ ಪ್ರಾಧಿಕಾರದ ಬಾಗಿಲಿಗೆ ಹೋದೆ. ಸಂವಿಧಾನದ 21ನೇ ವಿಧಿ ಕೊಟ್ಟ ಸ್ವಾತಂತ್ರ್ಯಕ್ಕಾಗಿ ಒಬ್ಬ ಕೂಲಿಯವನ ಅಣ್ಣ ಕೆಲಸ ಬಿಟ್ಟು ಕಚೇರಿ ಕಚೇರಿ ಅಲೆಯಬೇಕೇ? ಅಲೆಯಲು ಅಣ್ಣನೂ ಇಲ್ಲದವರು ಅದೇ ಬ್ಯಾರಕ್ಕಿನಲ್ಲಿ ಇನ್ನೂ ಇಬ್ಬರಿದ್ದಾರಂತೆ.

ಷರತ್ತು ಸಡಿಲಿಸುವ ಅರ್ಜಿ ಮಂಗಳವಾರ ಬರುತ್ತದೆ. ಅಂದಿಗೆ 22 ದಿನ. ತಮ್ಮನ ಹೆಂಡತಿ ಈಗ ಅದೇ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿದ್ದಾಳೆ. ಮಂಗಳವಾರ ಬರುವುದಿಲ್ಲ ಎಂದು ಮೇಸ್ತ್ರಿಗೆ ಹೇಳಿ ಬಂದಿದ್ದಾಳೆ, ಕಳೆದ ಎರಡು ಮಂಗಳವಾರಗಳಂತೆಯೇ.