ತೋಟಕ್ಕೆ ಒಂದಿಂಚು, ಚಿನ್ನಸ್ವಾಮಿಗೆ ಸೊನ್ನೆ

ಏಪ್ರಿಲ್‌ ಬಂತೆಂದರೆ ಕೊಡಗಿನ ಆರ್‌ಸಿಬಿ ಅಭಿಮಾನಿಗೆ ದೇವರಲ್ಲಿ ಬೇಡಿಕೊಳ್ಳುವುದೇ ಕಷ್ಟ. ತೋಟಕ್ಕೆ ಮಳೆ ಬೇಕು, ಚಿನ್ನಸ್ವಾಮಿ ಮೈದಾನಕ್ಕೆ ಬೇಡ. ಮಳೆ ಕೊಡುವ ಇಗ್ಗುತಪ್ಪನಿಗೆ ಜಿಲ್ಲೆಯ ಗಡಿಯನ್ನೂ ಬಿಡಿಸಿ ಹೇಳಬೇಕು: ಸ್ವಾಮೀ, ಮೋಡ ಕುಶಾಲನಗರದ ಸೇತುವೆ ದಾಟದಂತೆ ನೋಡಿಕೋ.

ಕಾಫಿಯ ಹೂ ಮಳೆಗೂ ಕಡಿಮೆ ಷರತ್ತುಗಳಿಲ್ಲ. ಒಂದಿಂಚು, ಅಂದರೆ ನೂರು ಸೆಂಟ್‌, ಒಟ್ಟಿಗೇ ಬೀಳಬೇಕು. ಎಂಟು-ಹತ್ತು ದಿನಕ್ಕೆ ಹೂ ಬಿರಿಯುತ್ತದೆ. ಅವತ್ತು ಮಾತ್ರ ಹನಿಯೂ ಉದುರಬಾರದು, ಉದುರಿದರೆ ಪರಾಗ ತೊಳೆದುಹೋಗಿ ಕಾಯಿ ಕಟ್ಟುವುದಿಲ್ಲ. ಆಮೇಲೆ ಎರಡು-ಮೂರು ವಾರದಲ್ಲಿ ಬ್ಯಾಕಿಂಗ್‌ ಮಳೆ, ಅಂದರೆ ಕಟ್ಟಿದ ಕಾಯಿಗೆ ಆಸರೆಯಾಗುವ ಎರಡನೇ ಮಳೆ, ಬರಲೇಬೇಕು. ಬರೀ ಇಪ್ಪತ್ತು ಸೆಂಟ್‌ ಚಿಮುಕಿಸಿ ಹೋದರೆ ಮೊಗ್ಗು ಅರ್ಧಕ್ಕೇ ನಿಂತು ಕೆಡುತ್ತದೆ. ಇಂಥ ಆಸೆಗಳ ನಡುವೆ ಬೆಳೆದವರಿಗೆ ‘ಅವರು ಸೋತು, ಇವರು ಗೆದ್ದು, ನಾವು 18 ರನ್ನಿಂದ ಗೆದ್ದರೆ’ ಎಂಬ ಪ್ಲೇಆಫ್‌ ಲೆಕ್ಕ ಯಾವ ಮಹಾ?

2024ರಲ್ಲಿ ಹಾಗೇ ಆಯಿತು. ಮೊದಲ ಎಂಟು ಪಂದ್ಯಗಳಲ್ಲಿ ಒಂದೇ ಗೆಲುವು. ಟಿವಿ ರೀಚಾರ್ಜ್‌ ದಂಡವಾಯಿತು ಎಂದುಕೊಳ್ಳುವಷ್ಟರಲ್ಲಿ ಸಾಲಾಗಿ ಐದು ಗೆಲುವು. ಮೇ 18ಕ್ಕೆ ಚೆನ್ನೈ ವಿರುದ್ಧ ಕೊನೆಯ ಪಂದ್ಯ, ಮೂರು ಓವರ್‌ ಮುಗಿಯುತ್ತಿದ್ದಂತೆ ಬೆಂಗಳೂರಲ್ಲಿ ಮಳೆ. ರದ್ದಾದರೆ ಹಂಚಿ ಬರುವ ಒಂದೇ ಅಂಕದಲ್ಲಿ ಚೆನ್ನೈ ಒಳಗೆ, ನಾವು ಹೊರಗೆ. ಹುಲ್ಲಿನಡಿಯಿಂದ ನೀರು ಹೀರುವ ವ್ಯವಸ್ಥೆ ಆ ಮೈದಾನದಲ್ಲಿದೆ, ಪುಣ್ಯ. 218 ಹೊಡೆದು 27 ರನ್ನಿಂದ ಗೆದ್ದರು. ಎರಡೂ ತಂಡಕ್ಕೆ 14 ಅಂಕ. ಅಂಕ ಸಮವಾದಾಗ ನೋಡುವ ನೆಟ್‌ ರನ್‌ ರೇಟ್‌ (ಓವರಿಗೆ ಹೊಡೆದ ರನ್ನಿನಲ್ಲಿ ಓವರಿಗೆ ಕೊಟ್ಟ ರನ್‌ ಕಳೆದದ್ದು) ನಮ್ಮದು 0.459, ಅವರದು 0.392. ನಾವು ಒಳಗೆ.

ಈ ರನ್‌ ರೇಟ್‌ ಲೆಕ್ಕದಲ್ಲಿ ಮನೆಮನೆಯಲ್ಲೂ ಜಗಳ. ಮೊಬೈಲಿನ ಕ್ಯಾಲ್ಕುಲೇಟರಿಗೆ 18.3 ಓವರನ್ನು ಹಾಗೇ ಒತ್ತುವುದು ಮೊದಲ ತಪ್ಪು. ಮೂರು ಚೆಂಡು ಎಂದರೆ ಅರ್ಧ ಓವರ್‌, ಒತ್ತಬೇಕಾದ್ದು 18.5. ಇನ್ನೊಂದು, ಆಲೌಟ್‌ ಆದರೆ ಆಡಿದಷ್ಟಕ್ಕಲ್ಲ, ಪೂರ್ತಿ 20 ಓವರಿಗೇ ಭಾಗಿಸಬೇಕು. 2017ರಲ್ಲಿ ಈಡನ್‌ ಗಾರ್ಡನ್ಸ್‌ನಲ್ಲಿ ನಮ್ಮವರು 49ಕ್ಕೆ ಉರುಳಿದ್ದು 9.4 ಓವರಲ್ಲಿ. ಓವರಿಗೆ ಐದರಂತೆ ಹೊಡೆದರಲ್ಲ ಎಂದು ಮೀಸೆ ತಿರುವುವಂತಿಲ್ಲ. ಲೆಕ್ಕಕ್ಕೆ ಹೋಗುವುದು 2.45.

ಇಷ್ಟೆಲ್ಲ ಲೆಕ್ಕ ಹಾಕಿ ಕೂತಾಗ ಟಿವಿ ಹೋಗುತ್ತದೆ. ದಟ್ಟ ಮಳೆ ಡಿಶ್ಶಿಗೆ ಬರುವ ಸಿಗ್ನಲನ್ನು ನುಂಗುತ್ತದೆ. ಹತ್ತು-ಹದಿನೈದು ನಿಮಿಷ ಸುಮ್ಮನಿದ್ದರೆ ತಾನೇ ಬರುತ್ತದೆ. ಸುಮ್ಮನಿರುವವರು ಯಾರು? ಮಾವ ಕೊಡೆ ಹಿಡಿದು ಏಣಿ ಹತ್ತುತ್ತಾರೆ.

“ಬಂತಾ?”

“ಇನ್ನೂ ಸ್ವಲ್ಪ ಎಡಕ್ಕೆ ಮಾವ... ಹಾಂ, ಬಂತು ಬಂತು! ಅಯ್ಯೋ, ಹೋಯ್ತು!”

“ಸಿಗ್ನಲ್ಲಾ?”

“ವಿಕೆಟ್ಟು!”

ಡಿಶ್‌ ಒಂದೆರಡು ಡಿಗ್ರಿ ತಿರುಗಿದರೂ ಮುಗಿಯಿತು, ಮಳೆ ನಿಂತ ಮೇಲೂ ಚಿತ್ರವಿಲ್ಲ. ಆದ್ದರಿಂದ ಮಾಡಬೇಕಾದ್ದನ್ನೆಲ್ಲ ಮಾರ್ಚಿನಲ್ಲೇ ಮಾಡಬೇಕು. ಡಿಶ್‌ ನೋಡುವುದು ಆಗ್ನೇಯಕ್ಕೆ. ಆ ಕಡೆಯ ಮರ ಎತ್ತರಕ್ಕೆ ಬೆಳೆದಿದ್ದರೆ ಕೊಂಬೆ ಕಪಾತು ಮಾಡಿಸಿ. ಕೇಬಲ್ಲನ್ನು ಕನೆಕ್ಟರಿನ ಹತ್ತಿರ ಕೆಳಕ್ಕೆ ಜೋತುಬೀಳುವಂತೆ ಬಳಸಿ ಬಿಟ್ಟರೆ ನೀರು ಒಳಗಿಳಿಯದೆ ತೊಟ್ಟಿಕ್ಕುತ್ತದೆ.

ಗಾಳಿಗೆ ಸಿಲ್ವರ್‌ ಓಕಿನ ಕೊಂಬೆ ಲೈನಿನ ಮೇಲೆ ಬಿತ್ತೆಂದರೆ ಇನ್ವರ್ಟರೇ ಗತಿ. 150 ಆಂಪಿಯರ್‌ ಅವರ್‌ ಬ್ಯಾಟರಿ ಸರಿಯಿದ್ದರೆ 32 ಇಂಚಿನ ಎಲ್‌ಇಡಿ ಟಿವಿ, ಸೆಟ್‌ಟಾಪ್‌ ಬಾಕ್ಸ್‌, ಒಂದು ಬಲ್ಬು ಸೇರಿ ಎರಡು ಪಂದ್ಯಕ್ಕೂ ಸಾಕು. ಕೈಕೊಡುವುದು ಡಿಸ್ಟಿಲ್ಡ್‌ ವಾಟರ್‌ ಇಂಗಿದ ಬ್ಯಾಟರಿ. ಅಥವಾ ಹದಿನೆಂಟನೇ ಓವರಿನಲ್ಲಿ ಯಾರೋ ಚಟ್ನಿಗೆಂದು ಮಿಕ್ಸಿ ಹಾಕುತ್ತಾರೆ.

ಮೊಬೈಲಿನಲ್ಲಿ ನೋಡುವವರಿಗೆ ಬೇರೆ ಕಷ್ಟ. ಪಂದ್ಯ ಅರ್ಧ ನಿಮಿಷ ತಡ. ಗದ್ದೆಯಾಚೆಯ ಡಿಶ್‌ ಮನೆಯಲ್ಲಿ ಕೂಗೆದ್ದಾಗ ಇಲ್ಲಿ ಬೌಲರ್‌ ಇನ್ನೂ ಚೆಂಡು ಒರೆಸುತ್ತಿರುತ್ತಾನೆ.

ಅದೇ ತಿಂಗಳಲ್ಲಿ ಕೊಡವ ಕೌಟುಂಬಿಕ ಹಾಕಿಯೂ ಇರುತ್ತದೆ. 1997ರಲ್ಲಿ ಕರಡದಲ್ಲಿ ಶುರುವಾದದ್ದು, 2024ರ ಹೊತ್ತಿಗೆ 360 ತಂಡ. ಅಲ್ಲಿ ರನ್‌ ರೇಟಿನ ರಗಳೆಯಿಲ್ಲ, ಸೋತರೆ ಮನೆಗೆ. ತವರಿನ ತಂಡಕ್ಕೂ ಗಂಡನ ಮನೆಯ ತಂಡಕ್ಕೂ ಪಂದ್ಯ ಬಿದ್ದ ದಿನ ಅಡುಗೆಮನೆ ಕಡೆ ಹೋಗದಿರುವುದು ಲೇಸು.

ಕೊನೆಗೆ ಪಟಾಕಿ. 2025ರ ಜೂನ್‌ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿಂದ ಸೋಲಿಸಿ ಕಪ್‌ ಬಂದದ್ದು ಹದಿನೆಂಟನೇ ಸೀಸನ್ನಿನಲ್ಲಿ, ಅದೂ ಮುಂಗಾರಿನ ಹೊತ್ತಿಗೆ. ದೀಪಾವಳಿಯಿಂದ ಉಳಿಸಿದ ಸರ ಅಷ್ಟರಲ್ಲಿ ತೇವ ಹಿಡಿದಿರುತ್ತದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟವರದು ಮಾತ್ರ ಸಿಡಿಯುತ್ತದೆ. ಒಂದು ಎಚ್ಚರ: ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಎಂಬುದು ಇಲ್ಲಿನ ಹಳೆಯ ಪದ್ಧತಿ. ಹಾಗಾಗಿ ಮೂರನೆಯದೂ ಸಿಡಿಯುವಂತೆ ನೋಡಿಕೊಳ್ಳಬೇಕು. ಎರಡಕ್ಕೇ ಠುಸ್ಸೆಂದರೆ ಪಕ್ಕದ ಊರಿನ ಹಿರಿಯರು ಯಾರ ಮನೆಯಲ್ಲಿ, ಏನಾಗಿತ್ತು ಎಂದು ವಿಚಾರಿಸುತ್ತ ಕೊಡೆ ಹಿಡಿದು ಹೊರಟುಬಿಡುತ್ತಾರೆ.